ಗಂಟೆಗೊಮ್ಮೆ ಹಾಲು ಕೇಳುವ ಮಗಳು, ಐದನೇ ತಿಂಗಳಿಗೇ ರಾಗಿ ಸರಿ ಅನ್ನುವ ಅತ್ತೆ

ಪ್ರಶ್ನೆ: ನನ್ನ ಮಗಳಿಗೆ ನಾಡಿದ್ದಿಗೆ 16 ವಾರ ತುಂಬುತ್ತದೆ. ಹುಟ್ಟಿದಾಗ 2 ಕೆ.ಜಿ. 800 ಗ್ರಾಂ ಇದ್ದಳು. 14 ವಾರ ತುಂಬಿದ ದಿನ ಚುಚ್ಚುಮದ್ದಿಗೆ ಹೋದಾಗ 5 ಕೆ.ಜಿ. 200 ಗ್ರಾಂ, ಇವತ್ತು ಅಂಗನವಾಡಿಯಲ್ಲಿ 5 ಕೆ.ಜಿ. 400 ಗ್ರಾಂ. ಇದುವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಎರಡು ಮೂರು ಗಂಟೆಗೊಮ್ಮೆ ಕುಡಿಯುತ್ತಿದ್ದವಳು ನಾಲ್ಕು ದಿನದಿಂದ ಗಂಟೆಗೊಮ್ಮೆ ಅಳುತ್ತಾಳೆ. ಸಂಜೆ ಆರರಿಂದ ಹತ್ತರವರೆಗೆ ಎದೆ ಬಿಡುವುದೇ ಇಲ್ಲ, ರಾತ್ರಿಯೂ ಮೂರ್ನಾಲ್ಕು ಸಲ ಏಳುತ್ತಾಳೆ. ಯಾವಾಗಲೂ ಕೈ ಚೀಪುತ್ತಾಳೆ. ಮೊದಲು ಎದೆ ಬಿಗಿದು ಹಾಲು ಸೋರುತ್ತಿತ್ತು, ಈಗ ಮೆತ್ತಗಿದೆ. ಪಂಪಿನಲ್ಲಿ ತೆಗೆದು ನೋಡಿದರೆ 30 ಮಿ.ಲೀ. ಕೂಡ ಬರಲಿಲ್ಲ. ಅತ್ತೆಯವರು ‘ನಿನಗೆ ಹಾಲು ಸಾಲುತ್ತಿಲ್ಲ, ಹಸುವಿನ ಹಾಲಿಗೆ ನೀರು ಬೆರೆಸಿ ಕೊಡು. ಹೆಣ್ಣುಮಗು, ಐದನೇ ತಿಂಗಳಲ್ಲಿ ಅನ್ನಪ್ರಾಶನ ಮಾಡಿ ರಾಗಿ ಸರಿ ಶುರು ಮಾಡೋಣ’ ಅನ್ನುತ್ತಿದ್ದಾರೆ. ನಮ್ಮ ಮನೆಯವರು ಪುಡಿಹಾಲಿನ ಡಬ್ಬಿ ತಂದಿಟ್ಟಿದ್ದಾರೆ. ನನ್ನ ಹಾಲು ನಿಜವಾಗಿ ಬತ್ತುತ್ತಿದೆಯೇ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ನೀವು ಬರೆದಿರುವುದರಲ್ಲಿ ಹಾಲು ಬತ್ತುತ್ತಿದೆ ಅನ್ನುವುದಕ್ಕೆ ಒಂದು ಆಧಾರವೂ ಸಿಗಲಿಲ್ಲ. ಸಾಲುತ್ತಿದೆ ಅನ್ನುವುದಕ್ಕೆ ಮಾತ್ರ ನಿಮ್ಮ ಪತ್ರದಲ್ಲೇ ಗಟ್ಟಿ ಸಾಕ್ಷಿ ಇದೆ, ಅದು ತೂಕ. 12 ದಿನದಲ್ಲಿ 200 ಗ್ರಾಂ ಅಂದರೆ ದಿನಕ್ಕೆ ಹತ್ತಿರ ಹತ್ತಿರ 17 ಗ್ರಾಂ. ಮೊದಲ ಮೂರು ತಿಂಗಳು ಮಕ್ಕಳು ದಿನಕ್ಕೆ 25ರಿಂದ 30 ಗ್ರಾಂ ಏರುತ್ತಾರೆ. ಆಮೇಲೆ ಏರಿಕೆ ತಾನಾಗಿಯೇ 15ರಿಂದ 20ಕ್ಕೆ ಇಳಿಯುತ್ತದೆ. ಮೊದಲಿನ ವೇಗವನ್ನೇ ಮನಸ್ಸಿನಲ್ಲಿಟ್ಟುಕೊಂಡವರಿಗೆ ಇದು ಹಾಲು ಕಡಿಮೆಯಾದ ಹಾಗೆ ಕಾಣುತ್ತದೆ. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಮೂರೂ ತೂಕಗಳನ್ನು ಚುಕ್ಕೆಯಿಟ್ಟು ಗೆರೆ ಎಳೆದು ನೋಡಿ. ನಿಮ್ಮ ಮಗಳು ಸಣ್ಣಗೆ ಹುಟ್ಟಿದವಳು, ತನ್ನ ಗೆರೆಯ ಪಕ್ಕದಲ್ಲೇ ಏರುತ್ತಿದ್ದಾಳೆ. ಒಂದು ಎಚ್ಚರಿಕೆ: ಕೊನೆಯ ಎರಡು ತೂಕಗಳೂ ಬೇರೆ ಬೇರೆ ತಕ್ಕಡಿಯವು. ತಕ್ಕಡಿ ತಕ್ಕಡಿಗೆ ನೂರಿನ್ನೂರು ಗ್ರಾಂ ವ್ಯತ್ಯಾಸ ಬರಬಹುದು. ಆದ್ದರಿಂದ ಇನ್ನು ಎರಡು ವಾರ ಬಿಟ್ಟು ಅದೇ ಅಂಗನವಾಡಿ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಿ.

ಎರಡನೇ ಸಾಕ್ಷಿಯನ್ನು ನೀವು ಬರೆದಿಲ್ಲ, ಇವತ್ತೇ ಎಣಿಸಿ. ಬೆಳಿಗ್ಗೆ ಏಳರಿಂದ ಮರುದಿನ ಏಳರವರೆಗೆ ಡೈಪರ್ ಹಾಕದೆ ಬಟ್ಟೆ ಲಂಗೋಟವನ್ನೇ ಕಟ್ಟಿ. ಆರು ಅಥವಾ ಅದಕ್ಕಿಂತ ಹೆಚ್ಚು ಸಲ ಚೆನ್ನಾಗಿ ಒದ್ದೆಯಾಗಿ, ಮೂತ್ರ ಬಣ್ಣವಿಲ್ಲದೆ ಅಥವಾ ತಿಳಿ ಹಳದಿಯಾಗಿದ್ದರೆ ಒಳಗೆ ಹೋಗಬೇಕಾದ ಹಾಲು ಹೋಗುತ್ತಿದೆ. ಡೈಪರ್ ಮೂತ್ರವನ್ನು ಹೀರಿ ಒಣಗಿದಂತೆ ತೋರಿಸುತ್ತದೆ, ಅದನ್ನು ಹಿಡಿದು ಲೆಕ್ಕ ಹಾಕುವುದು ಕಷ್ಟ. ಮಲವನ್ನು ಎಣಿಸಬೇಡಿ. ಎದೆಹಾಲಷ್ಟೇ ಕುಡಿಯುವ ಈ ವಯಸ್ಸಿನ ಮಗು ದಿನಕ್ಕೆ ನಾಲ್ಕು ಸಲವೂ ಹೋಗಬಹುದು, ನಾಲ್ಕು ದಿನಕ್ಕೊಮ್ಮೆಯೂ ಹೋಗಬಹುದು. ಮೆತ್ತಗಿದ್ದರೆ ಆಯಿತು.

ಈಗ ಎದೆ ಮೆತ್ತಗಾದ ವಿಷಯ. ಹೆರಿಗೆಯಾದ ಹೊಸದರಲ್ಲಿ ಮಗು ಎಷ್ಟು ಕುಡಿದೀತು ಅನ್ನುವುದು ದೇಹಕ್ಕೆ ಗೊತ್ತಿರುವುದಿಲ್ಲ, ಬೇಕಾದ್ದಕ್ಕಿಂತ ಹೆಚ್ಚೇ ತಯಾರಿಸುತ್ತದೆ. ಬಿಗಿಯುವುದು, ಸೋರುವುದು ಎಲ್ಲ ಆಗಿನದು. ಒಂದೂವರೆಯಿಂದ ಮೂರು ತಿಂಗಳೊಳಗೆ ಲೆಕ್ಕ ಕೂಡಿಬಂದು, ಮಗು ಕುಡಿಯುವಾಗಲೇ ಹೆಚ್ಚು ತಯಾರಾಗುವ ಕ್ರಮಕ್ಕೆ ಬರುತ್ತದೆ. ಎದೆ ತುಂಬಿ ನಿಂತಷ್ಟೂ ಹಾಲು ನಿಧಾನವಾಗಿ ಬರುತ್ತದೆ, ಖಾಲಿಯಾದಷ್ಟೂ ಬೇಗ ಬರುತ್ತದೆ. ನಿಂತ ಹಾಲಿನಲ್ಲೇ ‘ಇನ್ನು ಸಾಕು’ ಎಂದು ಗ್ರಂಥಿಗೆ ಹೇಳುವ ಅಂಶವಿದೆ. ಸೇದುವ ಬಾವಿಯ ಒರತೆ ಹೇಗೆಂದು ನಿಮ್ಮ ಅತ್ತೆಯವರಿಗೆ ನಾವು ಹೇಳಿಕೊಡಬೇಕಿಲ್ಲ.

ಗಂಟೆಗೊಮ್ಮೆ ಕುಡಿಯುವುದೂ ಆ ಸೇದುವಿಕೆಯೇ. ಇಂಥ ಬೆಳವಣಿಗೆಯ ಜಿಗಿತಗಳು ಸಾಮಾನ್ಯವಾಗಿ ಎರಡು–ಮೂರನೇ ವಾರ, ಆರನೇ ವಾರ, ಮೂರನೇ ತಿಂಗಳು, ಆರನೇ ತಿಂಗಳ ಹತ್ತಿರ ಕಾಣಿಸುತ್ತವೆ. ಪಂಚಾಂಗ ನೋಡಿಕೊಂಡು ಬರುವುದಿಲ್ಲ, ಒಂದೆರಡು ವಾರ ಹಿಂದೆ ಮುಂದೆ ಆಗುತ್ತದೆ. ಎರಡು ಮೂರು ದಿನ, ಹೆಚ್ಚೆಂದರೆ ಒಂದು ವಾರ ಇರುತ್ತದೆ. ನಿಮ್ಮದು ನಾಲ್ಕನೇ ದಿನ. ಇದರ ಜೊತೆಗೆ ಈ ವಯಸ್ಸಿನ ಇನ್ನೂ ಎರಡು ಸಂಗತಿ ಸೇರಿಕೊಂಡಿವೆ. ಒಂದು, ನಾಲ್ಕನೇ ತಿಂಗಳ ಸುಮಾರಿಗೆ ಮಕ್ಕಳ ನಿದ್ದೆಯ ಲಯ ಬದಲಾಗಿ ರಾತ್ರಿ ಹೆಚ್ಚು ಎಚ್ಚರವಾಗುತ್ತಾರೆ. ಇನ್ನೊಂದು, ಸುತ್ತಲಿನ ಲೋಕ ಕಾಣತೊಡಗಿದೆ. ಹಗಲು ಫ್ಯಾನು, ಟಿ.ವಿ., ಬಂದವರ ದನಿ ಎಂದು ನಾಲ್ಕು ಗುಟುಕಿಗೇ ಎದೆ ಬಿಟ್ಟು ತಿರುಗಿ ನೋಡುತ್ತಾರೆ, ಆ ಬಾಕಿಯನ್ನು ರಾತ್ರಿ ತೀರಿಸಿಕೊಳ್ಳುತ್ತಾರೆ. ಕೈ ಚೀಪುವುದು ಹಸಿವಿಗಲ್ಲ, ಕೈ ಬಾಯಿಗೆ ಎಟುಕುವ ವಯಸ್ಸು ಇದು.

ಅಂದರೆ ಮುಂದಿನ ಮೂರು ದಿನ ಗಡಿಯಾರ ನೋಡಬೇಡಿ. ಕೇಳಿದಾಗೆಲ್ಲ ಎದೆಗೆ ಹಚ್ಚಿ, ದಿನಕ್ಕೆ ಹನ್ನೆರಡು ಹದಿನಾಲ್ಕು ಸಲವಾದರೂ ಸರಿ. ಹಗಲು ಎರಡು ಮೂರು ಸಲ ಕಿಟಕಿ ಪರದೆ ಎಳೆದ ಕೋಣೆಯಲ್ಲಿ ಕೂತು ಕುಡಿಸಿ. ಮನೆಗೆಲಸ ಬೇರೆಯವರು ನೋಡಿಕೊಳ್ಳಲಿ, ಅಡುಗೆಮನೆ ಮೂರು ದಿನ ನಿಮ್ಮನ್ನು ಕಾಯಬಲ್ಲದು.

ಎಷ್ಟು ಸಲ ಅನ್ನುವುದಕ್ಕಿಂತ ಹೇಗೆ ಕುಡಿಯುತ್ತಾಳೆ ಅನ್ನುವುದರ ಮೇಲೆ ಕಣ್ಣಿಡಿ. ಬಾಯಿ ಆಕಳಿಕೆಯಷ್ಟು ಅಗಲ ತೆರೆದಾಗ ಅವಳನ್ನು ಎದೆಯತ್ತ ತನ್ನಿ, ನೀವು ಬಗ್ಗಬೇಡಿ. ಗದ್ದ ಎದೆಗೆ ಒತ್ತಿರಬೇಕು, ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಅವಳ ಮೇಲ್ತುಟಿಯ ಮೇಲೆ ಹೆಚ್ಚು ಕಾಣಬೇಕು, ಕೆಳಗೆ ಕಡಿಮೆ. ತೊಟ್ಟಷ್ಟೇ ಬಾಯಲ್ಲಿದ್ದರೆ ನಿಮಗೆ ನೋವು, ಅವಳಿಗೆ ಹಾಲಿಲ್ಲ. ಬಾಯಿಯ ಮೂಲೆಗೆ ಕಿರುಬೆರಳು ತೂರಿಸಿ ಬಿಡಿಸಿ ಮತ್ತೆ ಹಚ್ಚಿ. ಮೊದಲು ಚಿಕ್ಕ ಚಿಕ್ಕ ಚೀಪು ಬರುತ್ತದೆ, ಹಾಲು ಇಳಿಯುತ್ತಲೇ ನಿಧಾನವಾದ ದೊಡ್ಡ ಎಳೆತ, ಗದ್ದ ಕೆಳಗಿಳಿದು ಒಂದು ಕ್ಷಣ ನಿಂತು ‘ಗುಟುಕ್’. ಈ ಗುಟುಕು ವಿರಳವಾಗಿ ಕಣ್ಣು ಮುಚ್ಚಿಕೊಳ್ಳುವ ಹೊತ್ತಿಗೆ ಹೆಚ್ಚಿನವರು ಎತ್ತಿಬಿಡುತ್ತಾರೆ. ಎತ್ತಬೇಡಿ. ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ, ಕಪ್ಪು ಭಾಗದಿಂದ ಹಿಂದೆ ಹಿಡಿದು ನೋವಾಗದಷ್ಟು ಒತ್ತಿ ಹಿಡಿಯಿರಿ. ಗುಟುಕು ಮತ್ತೆ ಶುರುವಾಗುತ್ತದೆ. ನಿಂತಾಗ ಸಡಿಲಿಸಿ, ಕೈಯನ್ನು ಬೇರೆ ಜಾಗಕ್ಕೆ ಸರಿಸಿ ಮತ್ತೆ ಒತ್ತಿ. ಒತ್ತಿದರೂ ಗುಟುಕು ಬಾರದಿದ್ದಾಗ ಇನ್ನೊಂದು ಕಡೆಗೆ ಹಚ್ಚಿ, ಆಮೇಲೂ ಕೇಳಿದರೆ ಮತ್ತೆ ಮೊದಲನೆಯದಕ್ಕೆ. ಅದು ಖಾಲಿ ಅನಿಸಿದರೂ ಹಚ್ಚಿ, ಪೂರ್ತಿ ಖಾಲಿ ಆಗುವುದೇ ಇಲ್ಲ. ರಾತ್ರಿಯ ಕುಡಿಸುವಿಕೆಯನ್ನು ತಪ್ಪಿಸಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತಿಗೇ ಹೆಚ್ಚು.

ಪಂಪಿನ 30 ಮಿ.ಲೀ. ಲೆಕ್ಕವನ್ನು ಮರೆತುಬಿಡಿ. ಗಂಟೆಗೊಮ್ಮೆ ಮಗು ಕುಡಿದು ಬಿಟ್ಟದ್ದರಲ್ಲಿ ಯಂತ್ರ ಎಳೆದದ್ದು ಅದು. ಮಗುವಿನ ಬಾಯಿಗೆ ಇಳಿಯುವ ಹಾಲು ಪ್ಲಾಸ್ಟಿಕ್ ಕೊಳವೆಗೆ ಇಳಿಯಬೇಕೆಂದಿಲ್ಲ. ಕೊಳವೆಯ ಬಾಯಿ ತೊಟ್ಟಿಗೆ ದೊಡ್ಡದಾದರೂ ಹಾಲು ಕಡಿಮೆ ಬರುತ್ತದೆ.

ಇನ್ನು ಡಬ್ಬಿ. ಗಂಡ ಪ್ರೀತಿಯಿಂದಲೇ ತಂದಿದ್ದಾರೆ, ಆದರೆ ಈ ವಾರ ಅದನ್ನು ಅಟ್ಟಕ್ಕೆ ಹಾಕಲಿ. ಸಂಜೆ ಒಂದು ಸಲ 60 ಮಿ.ಲೀ. ಕೊಟ್ಟರೆ ಏನಾಗುತ್ತದೆ ನೋಡಿ: ಮಗು ಮೂರು ಗಂಟೆ ಮಲಗುತ್ತದೆ, ಅಷ್ಟು ಹೊತ್ತು ಎದೆ ತುಂಬಿ ನಿಲ್ಲುತ್ತದೆ, ಗ್ರಂಥಿಗೆ ‘ಸಾಕು’ ಎಂಬ ಸೂಚನೆ ಹೋಗುತ್ತದೆ, ನಾಳೆ ಅಷ್ಟು ಕಡಿಮೆಯಾಗುತ್ತದೆ, ಮಗು ಇನ್ನಷ್ಟು ಅಳುತ್ತದೆ. ಆಗ ‘ನೋಡಿದೆಯಾ, ನಾವು ಹೇಳಿರಲಿಲ್ಲವೇ’ ಎಂಬ ಮಾತು. ಹಾಲು ‘ಬತ್ತಿದ’ ಕಥೆಗಳಲ್ಲಿ ಬಹಳಷ್ಟು ಹೀಗೇ ಶುರುವಾದವು. ತೂಕ ನಿಜಕ್ಕೂ ನಿಂತಿದೆ ಎಂದು ವೈದ್ಯರು ನೋಡಿ ಹೇಳಿದರೆ ಪುಡಿಹಾಲು ಪಾಪವಲ್ಲ. ಆಗ ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ, ಒಳಲೆಯಲ್ಲಿ ಅಥವಾ ಚಿಕ್ಕ ಲೋಟದಲ್ಲಿ ಕುಡಿಸಿ. ಉಳಿತಾಯಕ್ಕೆಂದು ನೀರು ಹೆಚ್ಚಿಸುವುದು ಎಲ್ಲಕ್ಕಿಂತ ಕೆಟ್ಟದ್ದು.

ಹಸುವಿನ ಹಾಲು ಮುಖ್ಯ ಪಾನೀಯವಾಗಿ ಒಂದು ವರ್ಷದವರೆಗೆ ಬೇಡ. ಅದರಲ್ಲಿ ಕಬ್ಬಿಣ ತೀರಾ ಕಡಿಮೆ, ಪ್ರೋಟೀನು ಮತ್ತು ಲವಣ ಎಳೆಯ ಮೂತ್ರಪಿಂಡಕ್ಕೆ ಹೊರೆ, ಕೆಲವು ಮಕ್ಕಳಲ್ಲಿ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತ ಒಸರುತ್ತದೆ. ನೀರು ಬೆರೆಸಿದರೆ ಹೊರೆ ಕಡಿಮೆಯಾದೀತು, ಶಕ್ತಿಯೂ ಅರ್ಧಕ್ಕಿಳಿಯುತ್ತದೆ. 100 ಮಿ.ಲೀ. ಎದೆಹಾಲಿನಲ್ಲಿ 65ರಿಂದ 70 ಕ್ಯಾಲೊರಿ ಇರುತ್ತದೆ. ಸಮಪಾಲು ನೀರು ಬೆರೆಸಿದ ಹಸುವಿನ ಹಾಲಿನಲ್ಲಿ 35ರ ಆಸುಪಾಸು. ನೀರಾದ ರಾಗಿ ಗಂಜಿ ಇನ್ನೂ ಬಡವ. ಎರಡು ಟೀ ಚಮಚ ಹಿಟ್ಟನ್ನು 100 ಮಿ.ಲೀ. ನೀರಿನಲ್ಲಿ ಕಾಯಿಸಿದರೆ 20–25 ಕ್ಯಾಲೊರಿ. ಆ ಪುಟ್ಟ ಹೊಟ್ಟೆಯಲ್ಲಿ ಮೂರು ಪಾಲಿನ ಜಾಗವನ್ನು ಒಂದು ಪಾಲಿನ ಆಹಾರ ಆಕ್ರಮಿಸುತ್ತದೆ. ತುಂಬಿದಂತೆ ಕಂಡು ಮಲಗಬಹುದು, ತೂಕ ಏರುವುದಿಲ್ಲ. ‘ಮಗು ದೊಡ್ಡದಾಯಿತು, ಹಾಲು ಸಾಲದು’ ಎಂಬುದೂ ತಪ್ಪು ಲೆಕ್ಕ. ಒಂದನೇ ತಿಂಗಳಿಂದ ಆರನೇ ತಿಂಗಳವರೆಗೆ ಎದೆಹಾಲಷ್ಟೇ ಕುಡಿಯುವ ಮಕ್ಕಳು ದಿನಕ್ಕೆ ಸರಾಸರಿ 750–800 ಮಿ.ಲೀ. ಆಸುಪಾಸಿನಲ್ಲೇ ಇರುತ್ತಾರೆ. ದೇಹ ದೊಡ್ಡದಾದರೂ ಬೆಳೆಯುವ ವೇಗ ಇಳಿಯುವುದರಿಂದ ಅಷ್ಟೇ ಸಾಲುತ್ತದೆ.

ಬೇಸಿಗೆಗೆಂದು ನೀರು, ಹೊಟ್ಟೆನೋವಿಗೆಂದು ಗ್ರೈಪ್ ವಾಟರ್, ಬಜೆ ತೇಯ್ದು ನೆಕ್ಕಿಸುವುದು, ಜೇನುತುಪ್ಪ – ಯಾವುದೂ ಬೇಡ. ಎದೆಹಾಲಿನ ನೂರರಲ್ಲಿ 87–88 ಪಾಲು ನೀರೇ. ವೈದ್ಯರು ಬರೆದ ವಿಟಮಿನ್ ಡಿ ಹನಿ, ದಿನಕ್ಕೆ 400 ಐ.ಯು., ಮುಂದುವರಿಯಲಿ.

ಇದಿಷ್ಟು ಮಗುವಿನದು. ನಿಮ್ಮ ತಟ್ಟೆ ಹೇಗಿದೆ? ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು. ಅಂದರೆ ಇನ್ನೊಂದು ಸಣ್ಣ ಊಟ ಮತ್ತು ಒಂದು ತಿಂಡಿ. ಬಾಣಂತಿ ಪಥ್ಯವೆಂದು ನೀರು ಕಡಿಮೆ ಮಾಡಿಸಿದ್ದರೆ ಇವತ್ತಿಗೆ ನಿಲ್ಲಿಸಿ, ಬಾಯಾರಿದಷ್ಟು ಕುಡಿಯಿರಿ. ಸಬ್ಬಸಿಗೆ ಸೊಪ್ಪಿನ ಪಲ್ಯ, ಬೆಳ್ಳುಳ್ಳಿ, ಮೆಂತ್ಯ ರುಚಿಯಿದ್ದರೆ ತಿನ್ನಿ, ಆದರೆ ಮಗು ಎಳೆಯದೆ ಸೊಪ್ಪು ಹಾಲು ತರಿಸುವುದಿಲ್ಲ. ಇತ್ತೀಚೆಗೆ ಗರ್ಭನಿರೋಧಕ ಮಾತ್ರೆ ಶುರು ಮಾಡಿದ್ದೀರಾ? ಈಸ್ಟ್ರೋಜನ್ ಇರುವ ಮಾತ್ರೆ ಹಾಲನ್ನು ನಿಜಕ್ಕೂ ಕಡಿಮೆ ಮಾಡಬಲ್ಲದು. ಮೂಗು ಕಟ್ಟಿದ್ದಕ್ಕೆ ತೆಗೆದುಕೊಳ್ಳುವ ಕೆಲವು ನೆಗಡಿ ಮಾತ್ರೆಗಳೂ ಹಾಗೇ. ಥೈರಾಯ್ಡ್ ತೊಂದರೆಯಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ.

ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಎಬ್ಬಿಸಿದರೂ ಎದ್ದು ಕುಡಿಯದಿದ್ದರೆ, ನೆತ್ತಿ ಒಳಕ್ಕೆ ಇಳಿದಿದ್ದರೆ ಅಥವಾ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂದೇ ಮಕ್ಕಳ ವೈದ್ಯರಲ್ಲಿಗೆ ಹೋಗಿ. ಎರಡು ವಾರದ ತೂಕದಲ್ಲಿ ಏರಿಕೆಯೇ ಇಲ್ಲದಿದ್ದರೂ ತೋರಿಸಿ.

ಉಳಿದದ್ದು ಅನ್ನಪ್ರಾಶನ. ಇಲ್ಲಿ ಅತ್ತೆಯವರೊಂದಿಗೆ ಜಗಳವೇ ಬೇಕಿಲ್ಲ. ಗೊಂದಲ ಇರುವುದು ಎಣಿಕೆಯಲ್ಲಿ. ನಮ್ಮ ಹಿರಿಯರು ನಡೆಯುತ್ತಿರುವ ತಿಂಗಳನ್ನು ಎಣಿಸುತ್ತಾರೆ, ವೈದ್ಯರು ತುಂಬಿದ ತಿಂಗಳನ್ನು. ಅತ್ತೆಯವರ ‘ಐದನೇ ತಿಂಗಳು’ ಇನ್ನು ಹತ್ತು ದಿನದಲ್ಲಿ, ನಾಲ್ಕು ತುಂಬಿದಾಗಲೇ ಬರುತ್ತದೆ. ಆದರೆ ಹೆಣ್ಣುಮಗುವಿಗೆ ಬೆಸ ತಿಂಗಳು ಎಂಬ ಲೆಕ್ಕದಲ್ಲಿ ಐದರ ನಂತರ ಏಳೂ ಸಲ್ಲುತ್ತದೆ. ಏಳನೇ ತಿಂಗಳು ಹಿಡಿಯುವ ದಿನವೇ ಆರು ತುಂಬುವ ದಿನ, ಸುಮಾರು 180 ದಿನ. ‘ಏಳರಲ್ಲಿ ಒಳ್ಳೆಯ ಮುಹೂರ್ತ ನೋಡಿಸಿ ಅತ್ತೆ’ ಅಂದುಬಿಡಿ. (ಗಂಡುಮಗುವಿನ ಮನೆಯವರು ಹುಷಾರಾಗಿರಬೇಕು, ಅವರ ‘ಆರನೇ ತಿಂಗಳು’ ಐದು ತುಂಬಿದಾಗಲೇ ಬಂದುಬಿಡುತ್ತದೆ.)

ರಾಗಿ ಹಿಟ್ಟಿನ ಉಸ್ತುವಾರಿಯನ್ನೂ ಅವರಿಗೇ ಕೊಡಿ, ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದು ಒಂದೂವರೆ ದಿನ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಘಮ ಬರುವಷ್ಟು ಮಾತ್ರ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಸೋಸುವುದು. ಹೆಚ್ಚು ಹುರಿದರೆ ಮೊಳಕೆಯಲ್ಲಿ ಹುಟ್ಟಿದ, ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವ ಸಾಯುತ್ತದೆ. ಸರಿಯನ್ನು ಅಂಟಾಗದಂತೆ ತೆಳುಗೊಳಿಸಿ, ಕಡಿಮೆ ನೀರಿಗೆ ಹೆಚ್ಚು ಹಿಟ್ಟು ಹಿಡಿಸುವುದು ಅದೇ. ಮೊದಲ ಸಲಕ್ಕೇ ಹದಿನೈದು ಧಾನ್ಯ, ಬಾದಾಮಿ, ಗೋಡಂಬಿ ಬೆರೆಸಬೇಡಿ. ಒಂದೊಂದೇ ಸೇರಿಸಿ ಮೂರು ದಿನ ನೋಡಿ, ಯಾವುದು ಒಗ್ಗಲಿಲ್ಲ ಎಂದು ಆಗ ಗೊತ್ತಾಗುತ್ತದೆ. ಗಂಟಿಲ್ಲದೆ ಕಲಸಿ ಕುದಿಸಿ, ಅರ್ಧ ಚಮಚ ತುಪ್ಪ ಹಾಕಿ. ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಚಮಚ ಓರೆ ಮಾಡಿದರೆ ಸುರಿಯದೆ ನಿಲ್ಲುವ ಹದ ಇರಲಿ.

ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಆದರೆ ಆ ವಯಸ್ಸಿಗೆ ತುರ್ತಾಗಿ ಬೇಕಾದ್ದು ಕಬ್ಬಿಣ. ಹುಟ್ಟುವಾಗ ತಂದ ದಾಸ್ತಾನು ಆರು ತಿಂಗಳಿಗೆ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ಅತ್ಯಲ್ಪ. ಆದ್ದರಿಂದ ವಾರದೊಳಗೆ ತೊಗರಿಬೇಳೆ, ನುಣ್ಣಗೆ ಬೇಯಿಸಿದ ಸೊಪ್ಪು, ಎರಡು ಹನಿ ನಿಂಬೆರಸ ಸೇರಲಿ. ಮನೆಯಲ್ಲಿ ತಿನ್ನುವವರಾದರೆ ಪೂರ್ತಿ ಬೆಂದ ಮೊಟ್ಟೆಯೂ ಆಗಬಹುದು. ಆರು ತುಂಬಿದ ಮೇಲೆ ಆಶಾ ಕಾರ್ಯಕರ್ತೆಯಲ್ಲಿ ಕಬ್ಬಿಣಾಂಶದ ಸಿರಪ್ ಕೇಳಿ. ವಾರಕ್ಕೆ ಎರಡು ದಿನ, ಒಂದೊಂದು ಮಿ.ಲೀ.

ಮೊದಲ ದಿನಗಳಲ್ಲಿ ಎದೆಹಾಲು ಕುಡಿಸಿದ ಮೇಲೆ ಎರಡು ಮೂರು ಚಮಚ ಸಾಕು. ನಾಲಿಗೆಯಿಂದ ಹೊರಕ್ಕೆ ತಳ್ಳಿದರೆ ಬಲವಂತ ಬೇಡ, ಮೂರು ದಿನ ಬಿಟ್ಟು ಮತ್ತೆ ಬಾಯಿಗಿಡಿ.