ವಿಶ್ವಕಪ್ ನೋಡಲು ಸ್ಯಾಂಟಾ ಕ್ಲಾರಾಗೆ ಬರುವವರು ಎಲ್ಲಿ ಉಳಿಯಬೇಕು, ಹೇಗೆ ಓಡಾಡಬೇಕು?

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿಂದ ಅಪ್ಪನ ಜೊತೆ ಬರುತ್ತಿದ್ದೀರಿ. 2026ರ ಫುಟ್‌ಬಾಲ್ ವಿಶ್ವಕಪ್‌ನ ಜೂನ್ 16 ಮತ್ತು 22ರ ಮ್ಯಾಚ್‌ಗಳಿಗೆ ಟಿಕೆಟ್ ಸಿಕ್ಕಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೋಟೆಲ್ ಹುಡುಕುತ್ತಿದ್ದೀರಿ. ಇಲ್ಲಿ ಇರುವವರು ಏನಾದರೂ ಹೇಳಿ ಅಂತ ಕೇಳಿದ್ದೀರಿ. ನಾನು ಸ್ಟೇಡಿಯಂ ಪಕ್ಕದ ಸನ್ನಿವೇಲ್‌ನಲ್ಲಿ ಇದ್ದೇನೆ. ಮೊದಲು ಹೇಳಬೇಕಾದ್ದು ಒಂದೇ: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಮ್ ಬುಕ್ ಮಾಡಬೇಡಿ. ಮಾಡಿದ್ದರೆ, ಕ್ಯಾನ್ಸಲ್ ಮಾಡಲು ಇನ್ನೂ ಸಮಯ ಇದ್ದರೆ, ಮಾಡಿಬಿಡಿ.

ನಿಮ್ಮ ಟಿಕೆಟ್ ಮೇಲೆ 'ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾ ಸ್ಟೇಡಿಯಂ' ಅಂತ ಇರುತ್ತದೆ. ಅದು ವಿಶ್ವಕಪ್‌ಗೆ ಮಾತ್ರ ಇಟ್ಟಿರುವ ಹೆಸರು. ಇಲ್ಲಿ ಎಲ್ಲರೂ ಅದನ್ನು ಲೀವೈಸ್ ಸ್ಟೇಡಿಯಂ ಅನ್ನುತ್ತಾರೆ. ಅದು ಇರುವುದು ಸ್ಯಾಂಟಾ ಕ್ಲಾರಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 65 ಕಿಲೋಮೀಟರ್ ದಕ್ಷಿಣಕ್ಕೆ. ಮ್ಯಾಪ್‌ನಲ್ಲಿ ಒಂದು ಗಂಟೆ ಅಂತ ತೋರಿಸಿದರೆ ನಂಬಬೇಡಿ, ಅದು ರಸ್ತೆ ಖಾಲಿ ಇದ್ದಾಗಿನ ಮಾತು. ಜೂನ್ 16 ಮಂಗಳವಾರ, 22 ಸೋಮವಾರ. ಎರಡೂ ಕೆಲಸದ ದಿನ. ಸಂಜೆ ನಾಲ್ಕರಿಂದ ಏಳರವರೆಗೆ 101 ಮತ್ತು 237 ಹೆದ್ದಾರಿಗಳಲ್ಲಿ ಮ್ಯಾಚ್ ಇಲ್ಲದ ದಿನವೂ ಗಾಡಿಗಳು ತೆವಳುತ್ತವೆ. ಅದಕ್ಕೆ ವಿಶ್ವಕಪ್ ಜನ ಸೇರಿದರೆ ಹೇಗಿರುತ್ತದೆ ಅಂತ ನೀವೇ ಯೋಚಿಸಿ.

ಹೋಗುವುದಕ್ಕಿಂತ ವಾಪಸ್ ಬರುವುದೇ ದೊಡ್ಡ ತಲೆನೋವು. 16ರ ಆಸ್ಟ್ರಿಯಾ–ಜೋರ್ಡಾನ್ ಮ್ಯಾಚ್ ಇಲ್ಲಿನ ಸಮಯ ರಾತ್ರಿ 9ಕ್ಕೆ ಶುರು. ಮುಗಿಯುವಾಗ ಹನ್ನೊಂದು. ಹೊರಗೆ ಬಂದು, ಸಾಲಿನಲ್ಲಿ ನಿಂತು, ರೈಲು ಹತ್ತುವಷ್ಟರಲ್ಲಿ ಹನ್ನೊಂದೂವರೆ ಆಗೇ ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ರೈಲುಗಳು ಮಧ್ಯರಾತ್ರಿ ಹೊತ್ತಿಗೆ ನಿಂತುಹೋಗುತ್ತವೆ. ಮ್ಯಾಚ್ ದಿನ ಹೆಚ್ಚುವರಿ ರೈಲು ಬಿಡಬಹುದು, ಆದರೆ ವಯಸ್ಸಾದ ಅಪ್ಪನನ್ನು ಕರೆದುಕೊಂಡು ಅದರ ಭರವಸೆಯಲ್ಲಿ ಇರುವುದು ಬೇಡ. 22ರ ಜೋರ್ಡಾನ್–ಅಲ್ಜೀರಿಯಾ ಮ್ಯಾಚ್ ರಾತ್ರಿ 8ಕ್ಕೆ, ಒಂದು ಗಂಟೆ ಮುಂಚೆ ಅಷ್ಟೇ.

ಹಾಗಾದರೆ ಎಲ್ಲಿ ಉಳಿಯಬೇಕು? ಸ್ಟೇಡಿಯಂ ಬಾಗಿಲಲ್ಲೇ ಲೈಟ್ ರೈಲಿನ (ರಸ್ತೆ ಮೇಲೆ ಓಡುವ ಸಣ್ಣ ರೈಲು, ನಡೆಸುವುದು ಇಲ್ಲಿನ ಸಾರಿಗೆ ಸಂಸ್ಥೆ ವಿಟಿಎ) ಗ್ರೇಟ್ ಅಮೆರಿಕಾ ಸ್ಟೇಷನ್ ಇದೆ. ಅದಕ್ಕೆ ಎರಡು ಲೈನ್ ಬರುತ್ತವೆ. ಆರೆಂಜ್ ಲೈನ್ ಮೌಂಟನ್ ವ್ಯೂನಿಂದ ಹೊರಟು ಸನ್ನಿವೇಲ್ ಉತ್ತರ ಭಾಗ, ಸ್ಟೇಡಿಯಂ, ಮಿಲ್ಪಿಟಸ್ ದಾಟಿ ಆಲಂ ರಾಕ್ ಕಡೆಗೆ ಹೋಗುತ್ತದೆ. ಗ್ರೀನ್ ಲೈನ್ ಸ್ಟೇಡಿಯಂನಿಂದ ನಾರ್ತ್ ಫಸ್ಟ್ ಸ್ಟ್ರೀಟ್ ಹಿಡಿದು ಸ್ಯಾನ್ ಹೊಸೆ ಡೌನ್‌ಟೌನ್‌ಗೆ ಹೋಗುತ್ತದೆ. ಈ ಎರಡು ಗೆರೆಗಳ ಮೇಲೆ, ಸ್ಟೇಷನ್‌ನಿಂದ ಹತ್ತು ನಿಮಿಷ ನಡೆಯುವಷ್ಟು ದೂರದಲ್ಲಿ ರೂಮ್ ಹುಡುಕಿ. ಒಂದೇ ರೈಲು, ಬದಲಾಯಿಸುವ ಗೋಜಿಲ್ಲ.

ನನ್ನನ್ನು ಕೇಳಿದರೆ ಸ್ಯಾನ್ ಹೊಸೆ ಡೌನ್‌ಟೌನ್ ಅಥವಾ ಮೌಂಟನ್ ವ್ಯೂ. ಎರಡರಲ್ಲೂ ಹೋಟೆಲ್‌ನಿಂದ ಕೆಳಗಿಳಿದರೆ ನಡೆಯಲು ರಸ್ತೆ ಇದೆ, ತಿನ್ನಲು ಅಂಗಡಿ ಇದೆ. ಸ್ಯಾನ್ ಹೊಸೆಯಲ್ಲಿ ಸ್ಯಾನ್ ಪೆಡ್ರೊ ಸ್ಕ್ವೇರ್ ಸುತ್ತಮುತ್ತ ಸಂಜೆ ಜನ ಸೇರುತ್ತಾರೆ, ಬೇರೆ ಮ್ಯಾಚ್‌ಗಳನ್ನು ಟಿವಿಯಲ್ಲಿ ನೋಡಲು ಒಳ್ಳೆ ಜಾಗ. ಮೌಂಟನ್ ವ್ಯೂನ ಕ್ಯಾಸ್ಟ್ರೋ ಸ್ಟ್ರೀಟ್ ರೈಲ್ವೆ ಸ್ಟೇಷನ್ ಎದುರಿಗೇ ಇದೆ. ಸ್ಟೇಡಿಯಂ ಹತ್ತಿರದ ಹೋಟೆಲ್‌ಗಳು ನಡೆದು ಹೋಗುವಷ್ಟು ಹತ್ತಿರ ಇವೆ, ನಿಜ. ಆದರೆ ಅಲ್ಲಿ ಸುತ್ತ ಆಫೀಸು, ಪಾರ್ಕಿಂಗ್, ಅಗಲ ರಸ್ತೆಗಳೇ ಜಾಸ್ತಿ. ಒಂದು ವಾರ ಅಲ್ಲಿ ಇದ್ದರೆ ಅಪ್ಪನಿಗೆ ಬೇಜಾರಾಗುತ್ತದೆ.

ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದರೆ ತೊಂದರೆ ಇಲ್ಲ. ಏರ್‌ಪೋರ್ಟ್‌ನಿಂದ ಬಾರ್ಟ್ ರೈಲಿನಲ್ಲಿ ಮಿಲ್‌ಬ್ರೇ, ಅಲ್ಲಿಂದ ಕ್ಯಾಲ್‌ಟ್ರೇನ್‌ನಲ್ಲಿ ಮೌಂಟನ್ ವ್ಯೂ ಅಥವಾ ಸ್ಯಾನ್ ಹೊಸೆ. ಕ್ಯಾಲ್‌ಟ್ರೇನ್ 2024ರಲ್ಲಿ ವಿದ್ಯುತ್ ರೈಲಾಗಿದೆ. ಹೊಸ ಬೋಗಿಗಳು, ಸದ್ದು ಕಮ್ಮಿ. ಆದರೆ ಇಪ್ಪತ್ತು ಗಂಟೆ ಹಾರಿ ಬಂದ ದಿನ ಎರಡು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ರೈಲು ಬದಲಾಯಿಸುವುದು ಬೇಡ. ಅವತ್ತು ಒಂದು ದಿನ ಟ್ಯಾಕ್ಸಿ ಮಾಡಿಕೊಳ್ಳಿ. ಇನ್ನೊಂದು ವಿಮಾನ ಹಿಡಿದು ಸ್ಯಾನ್ ಹೊಸೆ ಏರ್‌ಪೋರ್ಟ್‌ಗೇ ಬರುವಂತಿದ್ದರೆ ಇನ್ನೂ ಒಳ್ಳೆಯದು. ಅದು ಸ್ಟೇಡಿಯಂನಿಂದ ಕೆಲವೇ ಮೈಲಿ ದೂರ.

ಬಾರ್ಟ್, ಕ್ಯಾಲ್‌ಟ್ರೇನ್, ವಿಟಿಎ ಮೂರೂ ಬೇರೆ ಬೇರೆ ಸಂಸ್ಥೆಗಳು. ಆದರೆ ಕ್ಲಿಪ್ಪರ್ ಅನ್ನುವ ಒಂದೇ ಕಾರ್ಡ್ ಎಲ್ಲದರಲ್ಲೂ ನಡೆಯುತ್ತದೆ. ಫೋನ್‌ನಲ್ಲೇ ಹಾಕಿಕೊಳ್ಳಬಹುದು. ಕ್ಯಾಲ್‌ಟ್ರೇನ್‌ನಲ್ಲಿ ಹತ್ತುವಾಗ ಟ್ಯಾಪ್ ಮಾಡಿದ ಹಾಗೆ ಇಳಿದ ಮೇಲೂ ಟ್ಯಾಪ್ ಮಾಡಬೇಕು, ಮರೆತರೆ ಜಾಸ್ತಿ ದುಡ್ಡು ಹೋಗುತ್ತದೆ. ಲೈಟ್ ರೈಲಿನಲ್ಲಿ ಹತ್ತುವಾಗ ಮಾತ್ರ ಸಾಕು. ಅಲ್ಲಿ ಗೇಟ್ ಇರುವುದಿಲ್ಲ, ಪ್ಲಾಟ್‌ಫಾರ್ಮ್ ಮೇಲೆ ಒಂದು ಕಂಬಕ್ಕೆ ಯಂತ್ರ ಹಾಕಿರುತ್ತಾರೆ. ಗೇಟ್ ಇಲ್ಲ ಅಂತ ಹಾಗೇ ಹತ್ತಬೇಡಿ, ಚೆಕ್ ಮಾಡುವವರು ಬರುತ್ತಾರೆ. ಕಾರ್ಡ್‌ನಲ್ಲಿ ವಾಪಸ್ ಬರುವಷ್ಟು ದುಡ್ಡು ಮೊದಲೇ ಹಾಕಿಡಿ. ಮ್ಯಾಚ್ ಮುಗಿದ ಮೇಲೆ ಟಿಕೆಟ್ ಯಂತ್ರದ ಮುಂದೆ ನಿಲ್ಲುವ ಕೆಲಸ ಬೇಡ.

2024ರ ಕೋಪಾ ಅಮೆರಿಕಾದಲ್ಲಿ ಬ್ರೆಜಿಲ್–ಕೊಲಂಬಿಯಾ ಮ್ಯಾಚ್ ಇದೇ ಸ್ಟೇಡಿಯಂನಲ್ಲಿ ನಡೆಯಿತು, 1–1 ಡ್ರಾ ಆಯಿತು. ನಾನು ಅವತ್ತು ಲೈಟ್ ರೈಲಿನಲ್ಲೇ ಹೋಗಿದ್ದೆ. ಎರಡು ದೇಶದ ಅಭಿಮಾನಿಗಳೂ ಹಳದಿ ಅಂಗಿಯವರೇ. ಬೋಗಿ ಪೂರ್ತಿ ಹಳದಿ, ಯಾರು ಯಾರ ಕಡೆ ಅಂತ ಹಾಡು ಕೇಳಿದ ಮೇಲೇ ಗೊತ್ತಾಗುತ್ತಿತ್ತು. ಒಬ್ಬ ತಾತ ಕಿಟಕಿ ಗಾಜಿಗೆ ಬೆರಳಿನಿಂದ ತಾಳ ಹಾಕುತ್ತಿದ್ದರು, ಪಕ್ಕದಲ್ಲಿ ನಿಂತ ಬ್ರೆಜಿಲ್ ಹುಡುಗರು ಅದೇ ತಾಳಕ್ಕೆ ತಮ್ಮ ಹಾಡು ಸೇರಿಸಿದರು. ರೈಲು ಟಾಸ್ಮನ್ ಡ್ರೈವ್ ನಡುವೆ ಸಿಗ್ನಲ್‌ಗೆ ನಿಂತಾಗಲೆಲ್ಲ ರಸ್ತೆಯ ಕಾರಿನವರು ಹಾರ್ನ್ ಹೊಡೆದು ಉತ್ತರ ಕೊಡುತ್ತಿದ್ದರು. ಕಾರಿನಲ್ಲಿ ಹೋದವರಿಗೆ ಇದು ಸಿಗುವುದಿಲ್ಲ. ರೈಲು ನಿಧಾನ, ಒಪ್ಪುತ್ತೇನೆ. ಆದರೂ ನಿಮಗೆ ಅದನ್ನೇ ಹೇಳುವುದಕ್ಕೆ ಇದೂ ಒಂದು ಕಾರಣ.

ಮ್ಯಾಚ್ ಮುಗಿದ ಮೇಲೆ ಗ್ರೇಟ್ ಅಮೆರಿಕಾ ಸ್ಟೇಷನ್‌ನಲ್ಲಿ ದಿಕ್ಕಿನ ಪ್ರಕಾರ ಬೇರೆ ಬೇರೆ ಸಾಲು ಮಾಡಿಸುತ್ತಾರೆ. ಮೌಂಟನ್ ವ್ಯೂ ಕಡೆಯವರು ಒಂದು ಸಾಲು, ಸ್ಯಾನ್ ಹೊಸೆ ಕಡೆಯವರು ಇನ್ನೊಂದು. ನೀವು ಯಾವ ಕಡೆ ಅಂತ ಮೊದಲೇ ತಿಳಿದುಕೊಂಡು ಆ ಸಾಲಿನ ಬಾಲ ಹುಡುಕಿ. ಕೊನೆಯ ಸೀಟಿ ಆದ ತಕ್ಷಣ ಓಡುವವರ ಜೊತೆ ಓಡಬೇಡಿ. ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತಿರಿ. ಆಟಗಾರರು ಅಭಿಮಾನಿಗಳ ಹತ್ತಿರ ಬಂದು ಕೈ ಬೀಸುವುದನ್ನು ನೋಡಿ, ಅಪ್ಪ ಬಾತ್‌ರೂಮ್‌ಗೆ ಹೋಗಿ ಬರಲಿ, ಆಮೇಲೆ ಇಳಿಯಿರಿ.

ಕಾರು ಬಾಡಿಗೆಗೆ ತೆಗೆದುಕೊಂಡು ಮ್ಯಾಚ್‌ಗೆ ಬರುವುದು ಬೇಡವೇ ಬೇಡ. ಪಾರ್ಕಿಂಗ್ ಮೊದಲೇ ಕೊಂಡಿರಬೇಕು, ದುಬಾರಿ, ಹೊರಗೆ ಬರಲು ತುಂಬಾ ಹೊತ್ತು. ಊಬರ್ ಹೋಗುವಾಗ ಸರಿ, ಬರುವಾಗ ರೇಟ್ ಮೂರು ಪಟ್ಟು ಏರಿದರೂ ಆಶ್ಚರ್ಯ ಇಲ್ಲ. ಊಬರ್‌ನಲ್ಲೇ ವಾಪಸ್ ಬರಬೇಕಾದರೆ ಮೊದಲು ರೈಲಿನಲ್ಲಿ ಎರಡು ಮೂರು ಸ್ಟೇಷನ್ ದಾಟಿ, ಅಲ್ಲಿಂದ ಕರೆಯಿರಿ.

ಈಗ ಬಟ್ಟೆ. ಕ್ಯಾಲಿಫೋರ್ನಿಯಾ ಅಂದರೆ ಬಿಸಿಲು ಅಂತ ಎಲ್ಲರೂ ತೆಳ್ಳನೆ ಅಂಗಿ ತರುತ್ತಾರೆ. ಸ್ಯಾಂಟಾ ಕ್ಲಾರಾದಲ್ಲಿ ಜೂನ್ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಸಂಜೆ ಎಂಟೂವರೆಗೆ ಸೂರ್ಯ ಮುಳುಗಿದ ಮೇಲೆ ಕೊಲ್ಲಿಯ ಕಡೆಯಿಂದ ಗಾಳಿ ಬರುತ್ತದೆ, ರಾತ್ರಿ ಹನ್ನೊಂದಕ್ಕೆ 15 ಡಿಗ್ರಿ ಆಸುಪಾಸು ಇರುತ್ತದೆ. ಈ ಸ್ಟೇಡಿಯಂಗೆ ಮೇಲ್ಛಾವಣಿ ಇಲ್ಲ. ನಿಮ್ಮ ಎರಡೂ ಮ್ಯಾಚ್ ರಾತ್ರಿಯವು, ಆದ್ದರಿಂದ ಅಪ್ಪನಿಗೆ ಸ್ವೆಟರ್ ಮತ್ತು ಗಾಳಿ ತಡೆಯುವ ಜಾಕೆಟ್ ಎರಡೂ ಇರಲಿ. ಬೇಗ ಬಂದು ಕೂತರೆ ಪೂರ್ವದ ಗ್ಯಾಲರಿಯವರಿಗೆ ಮುಳುಗುವ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಸೀಟು ಆ ಕಡೆ ಇದ್ದರೆ ಟೋಪಿ ಬೇಕು.

ಸ್ಯಾನ್ ಫ್ರಾನ್ಸಿಸ್ಕೋ ನೋಡಲು ಹೋಗುವ ದಿನವೂ ಅದೇ ಜಾಕೆಟ್ ಹಾಕಿಕೊಳ್ಳಿ. ಜೂನ್‌ನಲ್ಲಿ ಅಲ್ಲಿ ಮಂಜು ಮುಸುಕುತ್ತದೆ, ಗೋಲ್ಡನ್ ಗೇಟ್ ಸೇತುವೆಯ ಗೋಪುರದ ತುದಿ ಮಾತ್ರ ಕಾಣುವ ಬೆಳಗುಗಳೂ ಇರುತ್ತವೆ. ಅಲ್ಲಿನ ಪ್ರವಾಸಿ ಜಾಗ ಫಿಶರ್‌ಮನ್ಸ್ ವಾರ್ಫ್‌ನ ಅಂಗಡಿಗಳಲ್ಲಿ ಟೋಪಿ ಇರುವ ದಪ್ಪ ಜಾಕೆಟ್ ಅಷ್ಟೊಂದು ಮಾರಾಟವಾಗುವುದು ಇದಕ್ಕೇ. ಮ್ಯಾಚ್‌ಗಳ ನಡುವೆ ನಿಮಗೆ ಐದು ದಿನ ಇದೆ. 17 ಅಥವಾ 18ಕ್ಕೆ ಹೋಗಿ ಬನ್ನಿ. 19 ಜೂನ್‌ಟೀನ್ತ್, ಸರ್ಕಾರಿ ರಜೆ, ಶುಕ್ರವಾರ. ಅದಕ್ಕೆ ವಾರಾಂತ್ಯ ಸೇರಿ ಮೂರು ದಿನ ಎಲ್ಲ ಕಡೆ ಜನ. 19ಕ್ಕೆ ಇಲ್ಲೂ ಒಂದು ಮ್ಯಾಚ್ ಇದೆ. ಕ್ಯಾಲ್‌ಟ್ರೇನ್‌ನಲ್ಲೇ ಹೋಗಿ, ಕಾರು ಬೇಡ. ಕಾರಿನಲ್ಲೇ ಹೋದರೆ ಸೀಟಿನ ಮೇಲೆ ಬ್ಯಾಗ್, ಕಡೆಗೆ ಖಾಲಿ ಕವರ್ ಕೂಡ ಬಿಡಬೇಡಿ. ಗಾಜು ಒಡೆದು ಎತ್ತಿಕೊಂಡು ಹೋಗುವುದು ಆ ಊರಿನ ಪ್ರವಾಸಿ ಜಾಗಗಳಲ್ಲಿ ಹಳೆಯ ಕಾಟ.

ಸ್ಟೇಡಿಯಂಗೆ ಬ್ಯಾಗ್ ತರದಿದ್ದರೆ ಅದೇ ಸುಖ. ಬೇಕೇ ಬೇಕಾದರೆ ಒಳಗಿರುವುದೆಲ್ಲ ಕಾಣುವಂಥ ಪ್ಲಾಸ್ಟಿಕ್ ಬ್ಯಾಗ್ ಆಗಿರಬೇಕು, 12 ಇಂಚು ಅಗಲ, 12 ಎತ್ತರ, 6 ದಪ್ಪ ಮೀರಬಾರದು. ಬೆನ್ನಿಗೆ ಹಾಕುವ ಬ್ಯಾಗ್ ತಂದರೆ ಗೇಟಿನಿಂದಲೇ ವಾಪಸ್. ಒಳಗೆ ನಗದು ನಡೆಯುವುದಿಲ್ಲ, ಕಾರ್ಡ್ ಬೇಕು. ಟಿಕೆಟ್ ಫೀಫಾ ಆ್ಯಪ್‌ನಲ್ಲಿ ಇರುತ್ತದೆ, ಪ್ರಿಂಟ್ ಅಲ್ಲ. ಆದ್ದರಿಂದ ಒಂದು ಸಣ್ಣ ಪವರ್ ಬ್ಯಾಂಕ್ ಜೇಬಿನಲ್ಲಿರಲಿ, ಇಬ್ಬರ ಟಿಕೆಟ್ ಒಂದೇ ಫೋನ್‌ನಲ್ಲಿದ್ದರೆ ಇನ್ನೂ ಮುಖ್ಯ.

ಊಟದ ಚಿಂತೆ ಬಿಡಿ. ಸನ್ನಿವೇಲ್‌ನ ಎಲ್ ಕಮಿನೊ ರಿಯಲ್ ರಸ್ತೆಯಲ್ಲಿ ಇಡ್ಲಿ, ದೋಸೆ, ಊಟ ಎಲ್ಲ ಸಿಗುತ್ತದೆ, ಇಂಡಿಯನ್ ದಿನಸಿ ಅಂಗಡಿಗಳೂ ಸಾಲಾಗಿವೆ. ಆದರೆ ಎಲ್ಲ ದಿನ ದೋಸೆಗೇ ಹೋಗಬೇಡಿ. ಈ ಕಡೆ ಮೆಕ್ಸಿಕನ್ ಊಟ ತುಂಬಾ ಚೆನ್ನಾಗಿರುತ್ತದೆ. ಬೀನ್ಸ್, ಅನ್ನ, ಖಾರದ ಸಾಲ್ಸಾ ಹಾಕಿದ ಬುರಿಟೋ ಸಸ್ಯಾಹಾರಿಗಳಿಗೂ ಹೊಟ್ಟೆ ತುಂಬಾ ಊಟ. ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಒಂದು ಮಾತು ಕೇಳಿಕೊಳ್ಳಿ. ಬೋರ್ಡ್‌ನಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಶೇಕಡಾ 9ಕ್ಕಿಂತ ಜಾಸ್ತಿ ಬೀಳುತ್ತದೆ. ಕೂತು ತಿನ್ನುವ ಹೋಟೆಲ್‌ನಲ್ಲಿ ಅದರ ಮೇಲೆ ಶೇಕಡಾ 18–20 ಟಿಪ್ಸ್ ಕೊಡುವುದು ವಾಡಿಕೆ. ಕೌಂಟರ್‌ನಲ್ಲಿ ಕೊಂಡರೆ ಸ್ಕ್ರೀನ್ ಕೇಳಿದರೂ ಕೊಡಲೇಬೇಕು ಅಂತೇನಿಲ್ಲ.

ಎರಡೂ ಮ್ಯಾಚ್‌ನಲ್ಲಿ ಜೋರ್ಡಾನ್ ಇದೆ ಅಂತ ನೀವು ಸ್ವಲ್ಪ ಬೇಸರದಲ್ಲಿ ಬರೆದ ಹಾಗಿತ್ತು, ದೊಡ್ಡ ತಂಡ ಸಿಗಲಿಲ್ಲ ಅಂತ. ನನಗೆ ಹಾಗನಿಸುವುದಿಲ್ಲ. ಜೋರ್ಡಾನ್‌ಗೆ ಇದು ಮೊದಲ ವಿಶ್ವಕಪ್, 16ರದ್ದು ಅವರ ಮೊಟ್ಟಮೊದಲ ಮ್ಯಾಚ್. ಆಸ್ಟ್ರಿಯಾ 1998ರ ನಂತರ ಈಗ ಬಂದಿದೆ, ಅಲ್ಜೀರಿಯಾ 2014ರ ನಂತರ. ಇಷ್ಟು ವರ್ಷ ಕಾದವರು ಹೇಗೆ ಹಾಡುತ್ತಾರೆ, ಹೇಗೆ ಅಳುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡುವ ಅವಕಾಶ ಇದು. ಮ್ಯಾಚ್‌ಗೆ ಮೂರು ಗಂಟೆ ಮುಂಚೆ ಬನ್ನಿ. ಅಭಿಮಾನಿಗಳ ಜೊತೆ ನಡೆಯಿರಿ, ಮಾತಾಡಿ. ಬೆಂಗಳೂರಿಂದ ನಿಮ್ಮ ತಂಡ ನೋಡಲು ಬಂದಿದ್ದೇವೆ ಅಂದರೆ ಯಾರೂ ಸುಮ್ನೆ ಬಿಡುವುದಿಲ್ಲ, ಫೋಟೋಗೆ ನಿಲ್ಲಿಸಿಯೇ ಕಳಿಸುತ್ತಾರೆ.

ಹಳೆಯ ವಿಶ್ವಕಪ್ ಜಾಗ ನೋಡುವ ಆಸೆ ಅಪ್ಪನಿಗೆ ಇದ್ದರೆ ಸ್ಟ್ಯಾನ್‌ಫರ್ಡ್‌ಗೆ ಕರೆದುಕೊಂಡು ಹೋಗಿ, ಕ್ಯಾಲ್‌ಟ್ರೇನ್‌ನಲ್ಲಿ ಪಾಲೋ ಆಲ್ಟೋದಲ್ಲಿ ಇಳಿದರೆ ಆಯಿತು. 1994ರಲ್ಲಿ ಈ ಭಾಗದ ಮ್ಯಾಚ್‌ಗಳು ನಡೆದದ್ದು ಅಲ್ಲಿ. ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನವೇ, ಬ್ರೆಜಿಲ್ ಅಲ್ಲಿ ಅಮೆರಿಕವನ್ನು 1–0ಯಿಂದ ಸೋಲಿಸಿತು. ಆಮೇಲೆ ಕಪ್ಪೂ ಗೆದ್ದಿತು. ಸ್ಟೇಡಿಯಂ ಅನ್ನು ಆಮೇಲೆ ಒಡೆದು ಹೊಸದಾಗಿ ಕಟ್ಟಿದ್ದಾರೆ, ಆದರೆ ಜಾಗ ಅದೇ.

ಇನ್ನು ಎರಡು ವಿಷಯ, ಇವತ್ತೇ ಮಾಡಬೇಕಾದವು. ವೀಸಾ ಬಗ್ಗೆ ನೀವು ಏನೂ ಬರೆದಿಲ್ಲ. ಮ್ಯಾಚ್ ಟಿಕೆಟ್ ಇದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಫೀಫಾದಿಂದಲೇ ಟಿಕೆಟ್ ಕೊಂಡವರಿಗೆ ಇಂಟರ್‌ವ್ಯೂ ದಿನ ಬೇಗ ಕೊಡುವ ಫೀಫಾ ಪಾಸ್ ಅನ್ನುವ ವ್ಯವಸ್ಥೆ ಇದೆ. ಅದು ದಿನ ಬೇಗ ಸಿಗುವುದಕ್ಕೆ ಮಾತ್ರ, ಇಂಟರ್‌ವ್ಯೂನಲ್ಲಿ ಎಲ್ಲರಿಗೂ ಕೇಳುವುದನ್ನೇ ನಿಮಗೂ ಕೇಳುತ್ತಾರೆ.

ಎರಡನೆಯದು ಅಪ್ಪನ ಆರೋಗ್ಯ ವಿಮೆ. ಇಲ್ಲಿ ಎಮರ್ಜೆನ್ಸಿಗೆ ಒಂದು ರಾತ್ರಿ ಹೋಗಿ ಬಂದರೂ ಬಿಲ್ ಸಾವಿರಾರು ಡಾಲರ್ ಬರಬಹುದು. ಬಿಪಿ, ಶುಗರ್ ಮೊದಲೇ ಇದ್ದರೆ ಅದಕ್ಕೂ ವಿಮೆ ಅನ್ವಯಿಸುತ್ತದಾ ಅಂತ ಪಾಲಿಸಿಯಲ್ಲಿ ಓದಿ ನೋಡಿ, ಏಜೆಂಟ್ ಬಾಯಿಮಾತು ಸಾಲದು. ಮಾತ್ರೆಗಳನ್ನು ಅದರದ್ದೇ ಸ್ಟ್ರಿಪ್‌ನಲ್ಲಿ, ಡಾಕ್ಟರ್ ಚೀಟಿ ಜೊತೆ, ಕೈಯಲ್ಲಿ ಹಿಡಿಯುವ ಬ್ಯಾಗ್‌ನಲ್ಲೇ ತನ್ನಿ. ಇಲ್ಲಿ ಚೀಟಿ ಇಲ್ಲದೆ ಅವು ಸಿಗುವುದಿಲ್ಲ, ನಿಮ್ಮ ಊರಿನ ಡಾಕ್ಟರ್ ಚೀಟಿಗೂ ಕೊಡುವುದಿಲ್ಲ.

ಅಪ್ಪನಿಗೆ ಮೆಟ್ಟಿಲು ಹತ್ತಲು ಕಷ್ಟವೇ, ನಿಮ್ಮ ಸೀಟು ಯಾವ ಸೆಕ್ಷನ್‌ನಲ್ಲಿದೆ, ಇವೆರಡನ್ನು ಕಾಮೆಂಟ್‌ನಲ್ಲಿ ಬರೆಯಿರಿ. ಯಾವ ಗೇಟಿನಿಂದ ಬಂದರೆ ನಡಿಗೆ ಕಮ್ಮಿ ಅಂತ ನೋಡಿ ಹೇಳುತ್ತೇನೆ.