ಬೇಟೆ ಋತು ಮುಗಿದ ಮೇಲೂ ಅಟ್ಟ ಸೇರಿದ ಅಳಿಲನ್ನು ಹಿಡಿಯಬಹುದೇ?

ಅಮೆರಿಕದಲ್ಲಿ ಅಳಿಲು, ಮೊಲಗಳ ಬೇಟೆಗೆ ಅವಕಾಶವಿರುವುದು ಹೆಚ್ಚಾಗಿ ಶರತ್ಕಾಲ, ಚಳಿಗಾಲದಲ್ಲಿ. ಅಷ್ಟರೊಳಗೆ ಆ ವರ್ಷದ ಹೆಚ್ಚಿನ ಮರಿಗಳು ತಾಯಿಯನ್ನು ಬಿಟ್ಟು ಬದುಕಲು ಕಲಿತಿರುತ್ತವೆ. ಮನೆ, ಬೆಳೆ ಹಾಳುಮಾಡುವ ಪ್ರಾಣಿಗೆ ಮಾತ್ರ ಬಹಳಷ್ಟು ರಾಜ್ಯಗಳಲ್ಲಿ ಬೇರೆಯೇ ನಿಯಮ: ಋತು ಮುಗಿದರೂ ಹಿಡಿಯಬಹುದು, ಕೆಲವೆಡೆ ಪರ್ಮಿಟ್ ಬೇಕು. ನಿಮ್ಮ ರಾಜ್ಯದ ವನ್ಯಜೀವಿ ಇಲಾಖೆಗೆ ಮೊದಲು ಫೋನ್ ಮಾಡಿ.

ಅಟ್ಟದ ತೂತು ಮುಚ್ಚುವ ಮುಂಚೆ ಕಿವಿಗೊಟ್ಟು ಕೇಳಿ. ಸಣ್ಣಗೆ ಕೀಚ್ ಕೀಚ್ ಅಂತಿದ್ದರೆ ಒಳಗೆ ಮರಿಗಳಿವೆ. ಬೂದು ಅಳಿಲಿನ ಮರಿ ಹಾಲು ಬಿಡಲು ಸುಮಾರು 10 ವಾರ ಬೇಕು. ತಾಯಿಯನ್ನು ಹೊರಗಟ್ಟಿದರೆ ಅವು ಅಲ್ಲೇ ಹಸಿದು ಸಾಯುತ್ತವೆ. ದಯವಿಟ್ಟು ಕಾಯಿರಿ. ಆಮೇಲೆ ಹೊರಹೋಗಲಷ್ಟೇ ಬಿಡುವ ಒಮ್ಮುಖ ಬಾಗಿಲು ಕೂರಿಸಿ, ಎಲ್ಲವೂ ಹೋದ ಮೇಲೆ ತೂತಿಗೆ ಗಟ್ಟಿ ತಂತಿ ಜಾಲರಿ ಬಡಿಯಿರಿ. ಹಿಡಿದು ದೂರದ ಕಾಡಿಗೆ ಬಿಡುವುದನ್ನು ರೋಗ ಹರಡುವ ಭಯದಿಂದ ಹಲವು ರಾಜ್ಯಗಳು ನಿಷೇಧಿಸಿವೆ.