ಬೈಕ್ ಎಂಜಿನ್ ಹಾಕಿದ ಪುಟ್ಟ ರೇಸ್ ಕಾರುಗಳು ಮಣ್ಣಿನ ಟ್ರ್ಯಾಕ್‌ಗೆ ಬಂದದ್ದು ಹೇಗೆ?

ಅಮೆರಿಕದ ವಿಡಿಯೋಗಳಲ್ಲಿ ಮಣ್ಣಿನ ಟ್ರ್ಯಾಕ್ ಮೇಲೆ ಅಡ್ಡಡ್ಡ ಜಾರುತ್ತಾ ಓಡುವ ಪುಟ್ಟ ಕಾರುಗಳಿಗೆ ಬೈಕ್ ಎಂಜಿನ್ ಯಾಕೆ, ಅವು ಎಲ್ಲಿಂದ ಬಂದವು, ನಮ್ಮಲ್ಲಿ ಇವೆಯಾ ಅಂತ ಕೇಳಿದ್ದೀರಿ.

ತಲೆ ಮೇಲೆ ದೊಡ್ಡ ರೆಕ್ಕೆ ಇದ್ದರೆ ನೀವು ನೋಡಿದ್ದು ಬಹುಶಃ ಮೈಕ್ರೋ ಸ್ಪ್ರಿಂಟ್. 600 ಸಿಸಿ ಸ್ಪೋರ್ಟ್ಸ್ ಬೈಕಿನ ಎಂಜಿನ್, ನೂರಕ್ಕೂ ಜಾಸ್ತಿ ಹಾರ್ಸ್‌ಪವರ್, ಡ್ರೈವರ್ ಕೂತ ಮೇಲೂ ಸುಮಾರು 350 ಕೆಜಿ ತೂಕ. ಎಂಜಿನ್ ಜೊತೆಗೇ ಕ್ಲಚ್, ಗೇರ್‌ಬಾಕ್ಸ್ ಬಂದುಬಿಡುತ್ತದೆ. ಅಲ್ಲಿಂದ ಹಿಂದಿನ ಆಕ್ಸಲ್‌ಗೆ ಒಂದು ಚೈನ್ ಎಳೆದರೆ ಆಯಿತು. ಬೈಕ್ ಎಂಜಿನ್ ಯಾಕೆ ಅನ್ನೋದಕ್ಕೆ ಮುಖ್ಯ ಉತ್ತರ ಇದೇ. ಅಷ್ಟು ಹಗುರವಾಗಿ, ಅಷ್ಟು ಕಡಿಮೆ ಖರ್ಚಿನಲ್ಲಿ ಕಾರಿನ ಎಂಜಿನ್‌ನಿಂದ ಅಷ್ಟು ಶಕ್ತಿ ಸಿಗುವುದು ಕಷ್ಟ.

ಈ ಯೋಚನೆ ಹಳೆಯದು. 1933ರಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಮಿಡ್ಜೆಟ್ ಅನ್ನೋ ಪುಟ್ಟ ಕಾರುಗಳ ರೇಸ್ ಶುರುವಾದಾಗ ಜನ ಕೈಗೆ ಸಿಕ್ಕಿದ ಎಂಜಿನ್ ಹಾಕುತ್ತಿದ್ದರು: ದೋಣಿಯದ್ದು, ಹಳೇ ಬೈಕಿನದ್ದು. ಆಮೇಲೆ ರೇಸ್‌ಗೆಂದೇ ತಯಾರಾದ ಆಫೆನ್‌ಹೌಸರ್ ಎಂಜಿನ್ ಬಂತು, ಖರ್ಚು ಏರಿತು. ಅದು ಕೈಗೆಟುಕದವರು ಇನ್ನೂ ಚಿಕ್ಕ ಕಾರು, ಇನ್ನೂ ಅಗ್ಗದ ಎಂಜಿನ್ ಹುಡುಕಿದರು. ಈ ಆಟದ ಇತಿಹಾಸದಲ್ಲಿ ಇದೇ ಮತ್ತೆ ಮತ್ತೆ ನಡೆದಿದೆ. 1969ರಲ್ಲಿ ಹೋಂಡಾ ಸಿಬಿ750 ಬಂದ ಮೇಲೆ ಜಪಾನಿನ ನಾಲ್ಕು ಸಿಲಿಂಡರ್ ಬೈಕುಗಳು ಎಲ್ಲೆಡೆ ಸಿಗತೊಡಗಿದವು. ಮಿನಿ ಸ್ಪ್ರಿಂಟ್, ಮೈಕ್ರೋ ಸ್ಪ್ರಿಂಟ್‌ಗಳು ಬೆಳೆದದ್ದು ಆ ಎಂಜಿನ್‌ಗಳ ಬಲದಿಂದ.

ನನಗೆ ತುಂಬಾ ಇಷ್ಟವಾದ ಕಥೆ ಆಸ್ಟ್ರೇಲಿಯಾದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜ್ಯಾಕ್ ಬ್ರಾಬಮ್ ಸಿಡ್ನಿಯಲ್ಲಿ ಜ್ಯಾಪ್ ಅನ್ನೋ ಬ್ರಿಟಿಷ್ ಕಂಪನಿಯ ಬೈಕ್ ಎಂಜಿನ್ ತಿದ್ದಿ ಒಂದು ಮಿಡ್ಜೆಟ್ ಕಟ್ಟಿದರು. ಮೊದಲು ಗೆಳೆಯ ಓಡಿಸಿದ, ಆಮೇಲೆ ಇವರೇ ಕೂತರು. 1948ರಲ್ಲಿ ಅದರಲ್ಲೇ ಆಸ್ಟ್ರೇಲಿಯನ್ ಚಾಂಪಿಯನ್ ಆದರು. ಅತ್ತ ಇಂಗ್ಲೆಂಡಿನಲ್ಲಿ ಕೂಪರ್ ಅಪ್ಪ ಮಗ 1946ರಲ್ಲೇ 500 ಸಿಸಿ ಜ್ಯಾಪ್ ಎಂಜಿನ್‌ನ ಕಾರು ಮಾಡಿದ್ದರು. ಚೈನ್ ಹಿಂದಿನ ಚಕ್ರಕ್ಕೆ ಹೋಗಬೇಕು, ಹಾಗಾಗಿ ಎಂಜಿನ್ ಡ್ರೈವರ್ ಬೆನ್ನ ಹಿಂದೆ. ಕೂಪರ್‌ನವರು ದೊಡ್ಡ ಕಾರುಗಳಲ್ಲೂ ಅದೇ ಜಾಗ ಉಳಿಸಿಕೊಂಡರು. ಅಂಥ ಕೂಪರ್ ಕಾರಿನಲ್ಲೇ ಬ್ರಾಬಮ್ 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದರು!

ಇನ್ನು ಮೈಕ್ರೋ ಸ್ಪ್ರಿಂಟ್ ವಿಡಿಯೋ ನೋಡುವಾಗ ಹಿಂದಿನ ಟೈರ್‌ಗಳನ್ನು ಗಮನಿಸಿ. ಬಲಗಡೆಯದು ಎಡಗಡೆಯದಕ್ಕಿಂತ ದೊಡ್ಡದು. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಕೂತಿವೆ, ತಿರುವೆಲ್ಲ ಎಡಕ್ಕೇ. ಹೊರಗಿನ ಚಕ್ರ ಜಾಸ್ತಿ ದೂರ ಉರುಳಬೇಕು, ಅದಕ್ಕೇ ದೊಡ್ಡ ಟೈರ್. ಟೇಪ್ ಹಿಡಿದು ಟೈರಿನ ಸುತ್ತಳತೆ ನೋಡುತ್ತಾರೆ, ಗಾಳಿ ಹೆಚ್ಚು ಕಡಿಮೆ ಮಾಡಿ ಅದನ್ನು ಸರಿಹೊಂದಿಸುತ್ತಾರೆ. ಎಂಜಿನ್ ಡ್ರೈವರ್‌ನ ಬಲ ಪಕ್ಕದಲ್ಲಿ, ಡ್ರೈವರ್ ಸ್ವಲ್ಪ ಎಡಕ್ಕೆ. ಟ್ರ್ಯಾಕ್ ಬದಲಾದರೆ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಬಿಚ್ಚಿ ಬೇರೆ ಹಲ್ಲಿನದು ಹಾಕಿದರೆ ಸಾಕು. ಅಪ್ಪ ಮಕ್ಕಳು ಶೆಡ್‌ನಲ್ಲೇ ಮಾಡಿಕೊಳ್ಳುವ ಕೆಲಸ ಇದು. ಸುಮ್ನೆ ಆಟಿಕೆ ಅಂದುಕೊಳ್ಳಬೇಡಿ. ಅಮೆರಿಕದ ದೊಡ್ಡ ಕಾರ್ ರೇಸ್ ಸರಣಿ ನಾಸ್ಕಾರ್‌ನ ಡ್ರೈವರ್ ಕ್ರಿಸ್ಟೋಫರ್ ಬೆಲ್ ಒಕ್ಲಹೋಮಾದಲ್ಲಿ ಮೈಕ್ರೋ ಸ್ಪ್ರಿಂಟ್ ಓಡಿಸಿಯೇ ಬೆಳೆದವರು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ಪರ್ಧೆಗೆಂದು ತಾವೇ ಕಟ್ಟುವ ಫಾರ್ಮುಲಾ ಕಾರುಗಳು. ಓಡುವುದು ಟಾರಿನ ಮೇಲೆ, ಆದರೆ ಎಂಜಿನ್ ಬೈಕಿನದೇ. ನನ್ನ ಕಾಲೇಜು ತಂಡ ಕೆಟಿಎಂ 390 ಬೈಕಿನ ಎಂಜಿನ್ ಹಾಕಿತ್ತು, ಚೈನ್ ನೇರ ಕೂರಿಸುವುದೇ ದೊಡ್ಡ ಕೆಲಸವಾಗಿತ್ತು. ನಿಮ್ಮ ಕಾಲೇಜಿನಲ್ಲಿ ಅಂಥ ತಂಡ ಇದ್ದರೆ ಮೊದಲ ವರ್ಷವೇ ಹೋಗಿ ಸೇರಿಕೊಳ್ಳಿ. ಮಣ್ಣಿನ ರೇಸ್ ನೋಡಬೇಕಾದರೆ ವರ್ಷದ ಕೊನೆಯ ವಾರ ಒಕ್ಲಹೋಮಾದ ತುಲ್ಸಾ ನಗರದಲ್ಲಿ ನಡೆಯುವ ತುಲ್ಸಾ ಶೂಟ್‌ಔಟ್ ರೇಸ್ ಹುಡುಕಿ. ಎಕ್ಸ್‌ಪೋ ಕಟ್ಟಡದ ಒಳಗೇ ಜೇಡಿಮಣ್ಣು ಹಾಸಿ ಟ್ರ್ಯಾಕ್ ಮಾಡುತ್ತಾರೆ, ಸಾವಿರಕ್ಕೂ ಜಾಸ್ತಿ ಎಂಟ್ರಿ ಬರುತ್ತವೆ.